ಜರ್ಮನಿಗೆ ಕಳಿಸುವ ಕಂಪನಿಗಳು ಮೊದಲು ಮನೆಯ ಕಾಗದ ಕೊಡಿಸಲಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ವಿದೇಶದ ಕೆಲಸದ ಬಗ್ಗೆ ಬರುವ ಲೇಖನಗಳನ್ನು ತಪ್ಪದೆ ಓದುತ್ತೇನೆ. ವೀಸಾ ಹೇಗೆ ಸಿಗುತ್ತದೆ, ಸಂಬಳ ಎಷ್ಟಿರುತ್ತದೆ, ಭಾಷೆ ಎಷ್ಟು ಕಲಿತಿರಬೇಕು, ಇವೆಲ್ಲ ಚೆನ್ನಾಗಿಯೇ ಬರುತ್ತವೆ. ಆದರೆ ವಿಮಾನ ಇಳಿದ ಮೇಲಿನ ಮೊದಲ ವಾರದ ಬಗ್ಗೆ ಓದಿದ ನೆನಪು ನನಗಿಲ್ಲ. ನಾನು ಮ್ಯೂನಿಕ್‌ನಲ್ಲಿ ಕೆಲಸ ಮಾಡುವವನು. ಬೆಂಗಳೂರಿನಿಂದ ಪ್ರಾಜೆಕ್ಟ್ ಮೇಲೆ ಇಲ್ಲಿಗೆ ಬರುವ ನಮ್ಮವರು ಆ ಒಂದು ವಾರದಲ್ಲಿ ಪಡುವ ಪಾಡನ್ನು ಹತ್ತಿರದಿಂದ ನೋಡುತ್ತಿದ್ದೇನೆ. ಇದರಲ್ಲಿ ಜಾಸ್ತಿ ಪಾಲು ತಪ್ಪಿಸಬಹುದಾದದ್ದು, ಅದಕ್ಕೇ ಈ ಪತ್ರ.

ಜರ್ಮನಿಯಲ್ಲಿ ಮನೆ ಸೇರಿದ 2 ವಾರದೊಳಗೆ ಊರಿನ ನೋಂದಣಿ ಕಚೇರಿಗೆ ಹೋಗಿ ವಿಳಾಸ ದಾಖಲಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಅಂತಾರೆ. ಅಲ್ಲಿಗೆ ಪಾಸ್‌ಪೋರ್ಟ್ ಒಂದನ್ನೇ ಹಿಡಿದು ಹೋದರೆ ಸಾಲದು, ಬಾಡಿಗೆ ಕರಾರು ತೋರಿಸಿದರೂ ಸಾಲದು. "ಇವರು ಇಂಥ ದಿನದಿಂದ ನನ್ನ ಮನೆಯಲ್ಲಿ ವಾಸವಾಗಿದ್ದಾರೆ" ಅಂತ ಮನೆ ಕೊಟ್ಟವರು ಸಹಿ ಹಾಕಿದ ಒಂದು ಹಾಳೆ ಬೇಕು. 2015ರ ನವೆಂಬರ್‌ನಲ್ಲಿ ಬಂದ ಕಾನೂನು ಇದು. ಹಾಳೆಯ ಹೆಸರು ವೋನುಂಗ್ಸ್‌ಗೇಬರ್‌ಬೆಸ್ಟೇಟಿಗುಂಗ್. ಹೆಸರು ಉದ್ದವಾಯಿತು ಅಂತ ಬಿಡಬೇಡಿ, ಕೇಳುವಾಗ ಇದೇ ಹೆಸರಿನಲ್ಲಿ ಕೇಳಬೇಕಾಗುತ್ತದೆ, ಬರೆದಿಟ್ಟುಕೊಳ್ಳಿ.

ಆ ಹಾಳೆ ಇಲ್ಲದಿದ್ದರೆ ನೋಂದಣಿ ಇಲ್ಲ. ನೋಂದಣಿ ಆಗದಿದ್ದರೆ 11 ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುವುದಿಲ್ಲ. ಅದು ಸಿಗದೆ ಇಲ್ಲಿನ ಸಂಬಳದ ಲೆಕ್ಕ ಸರಿಯಾಗುವುದಿಲ್ಲ, ಕೆಲವರಿಗೆ ಮೊದಲ ಸಂಬಳದಲ್ಲಿ ವಿಪರೀತ ತೆರಿಗೆ ಹಿಡಿದುಬಿಡುತ್ತಾರೆ, ಆಮೇಲೆ ವಾಪಸ್ ಬರುತ್ತದೆ ನಿಜ, ಆದರೆ ಮನೆಯ ಮುಂಗಡ ಕಟ್ಟಬೇಕಾದ ತಿಂಗಳಲ್ಲೇ ಕೈಯಲ್ಲಿ ದುಡ್ಡಿರುವುದಿಲ್ಲ. ಎಷ್ಟೋ ಬ್ಯಾಂಕ್‌ಗಳು ಖಾತೆ ತೆರೆಯಲು ಇದೇ ನೋಂದಣಿ ಪತ್ರ ಕೇಳುತ್ತವೆ. ವಾಸದ ಪರವಾನಗಿ ಕಾರ್ಡ್‌ಗೂ ಅದೇ ಬೇಕು. ನಮ್ಮಲ್ಲಿ ಆಧಾರ್ ಇಲ್ಲದೆ ಓಡಾಡಿದ ಹಾಗೆ ಆಗುತ್ತದೆ ಪರಿಸ್ಥಿತಿ.

ಈಗ ಕಂಪನಿಗಳು ಮಾಡುವುದೇನು ಅಂದರೆ, ಮೊದಲ ಒಂದು ತಿಂಗಳಿಗೆ ಯಾವುದೋ ಸರ್ವಿಸ್ ಅಪಾರ್ಟ್‌ಮೆಂಟ್ ಬುಕ್ ಮಾಡಿ ಕೊಡುತ್ತವೆ. ಹಾಸಿಗೆ, ಪಾತ್ರೆ, ವೈಫೈ ಎಲ್ಲ ಇರುತ್ತದೆ. ಆ ಹಾಳೆ ಕೊಡುತ್ತಾರಾ ಅಂತ ಮಾತ್ರ ಯಾರೂ ಕೇಳಿರುವುದಿಲ್ಲ. ಅಂಥ ಕೆಲವು ಕಡೆ ಕೊಡುವುದಿಲ್ಲ. ನನ್ನ ಸಹೋದ್ಯೋಗಿಯೊಬ್ಬರು ಹೆಂಡತಿ, ಚಿಕ್ಕ ಮಗುವಿನ ಜೊತೆ ಬಂದರು. ರಿಸೆಪ್ಷನ್‌ನವರು "ನಾವು ಕೊಡಲ್ಲ, ನಿಮ್ಮ ಕಂಪನಿಯನ್ನು ಕೇಳಿ" ಅಂದರು. ಕಂಪನಿಯವರನ್ನು ಕೇಳಿದರೆ "ಅದು ಅಪಾರ್ಟ್‌ಮೆಂಟ್‌ನವರ ಕೆಲಸ" ಅಂದರು. ಬೆಂಗಳೂರಿನ ಎಚ್‌ಆರ್‌ಗೆ ಆ ಹಾಳೆ ಏನು ಅಂತಲೇ ಗೊತ್ತಿರಲಿಲ್ಲ. ಹೊಸ ಕೆಲಸ, ಹೊಸ ಮ್ಯಾನೇಜರ್, ಮಗುವಿಗೆ ಚಳಿಗೆ ಕೆಮ್ಮು, ಇದರ ನಡುವೆ ಆ ಮನುಷ್ಯ ಊಟದ ವಿರಾಮದಲ್ಲೆಲ್ಲ ಫೋನ್ ಹಿಡಿದು ನಿಂತಿರುತ್ತಿದ್ದರು. ಹೊಟ್ಟೆ ಉರಿಯುತ್ತಿತ್ತು ನೋಡಿ. ಬುಕ್ ಮಾಡುವಾಗ ಒಂದು ಸಾಲಿನ ಇಮೇಲ್ ಹಾಕಿದ್ದರೆ ಮುಗಿಯುತ್ತಿತ್ತು ಅಲ್ವಾ?

ಇಂಥ ಹೊತ್ತಿನಲ್ಲಿ ಫೇಸ್‌ಬುಕ್ ಗುಂಪುಗಳಲ್ಲಿ ವಿಳಾಸ ಮಾರುವವರು ಬರುತ್ತಾರೆ. ಇಷ್ಟು ಯೂರೋ ಕೊಡಿ, ನಮ್ಮ ಮನೆಯಲ್ಲಿದ್ದೀರಿ ಅಂತ ಬರೆದುಕೊಡ್ತೀವಿ ಅನ್ನುತ್ತಾರೆ. ದಯವಿಟ್ಟು ಯಾರೂ ಅದಕ್ಕೆ ಹೋಗಬೇಡಿ. ವಾಸವಿಲ್ಲದ ಮನೆಯ ವಿಳಾಸ ಕೊಡುವುದಕ್ಕೆ 50,000 ಯೂರೋವರೆಗೂ ದಂಡ ಹಾಕಲು ಕಾನೂನಿನಲ್ಲಿ ಅವಕಾಶವಿದೆ. ನೋಂದಣಿ ತಡ ಮಾಡಿದ್ದಕ್ಕೆ ಹಾಕಬಹುದಾದದ್ದು 1,000 ಯೂರೋವರೆಗೆ. ನೋಂದಣಿ ಕಚೇರಿಯ ಸಮಯ ಆನ್‌ಲೈನ್‌ನಲ್ಲಿ ಊರಿನಿಂದಲೇ ಕಾಯ್ದಿರಿಸಿ, ಆ ದಾಖಲೆ ಇಟ್ಟುಕೊಳ್ಳಿ. 3 ತಿಂಗಳಿಗಿಂತ ಕಡಿಮೆ ಅವಧಿಗೆ ಬಂದು ಹೋಗುವವರಿಗೆ, ಕಾಯಂ ಮನೆ ಭಾರತದಲ್ಲೇ ಇದ್ದರೆ, ನೋಂದಣಿಯ ಗೋಜಿಲ್ಲ. ಅದಕ್ಕಿಂತ ಜಾಸ್ತಿ ಇರುವವರಿಗೆ ಮಾತ್ರ ಈ ಮಾತು.

ಇನ್ನೊಂದು ವಿಷಯ, ಬಾಗಿಲ ಮೇಲಿನ ಹೆಸರು. ಇಲ್ಲಿ ಅಪಾರ್ಟ್‌ಮೆಂಟ್‌ಗಳಲ್ಲಿ ಸಾಮಾನ್ಯವಾಗಿ ಮನೆಗೆ ನಂಬರ್ ಇರುವುದಿಲ್ಲ. ಅಂಚೆಯವರು ಪೆಟ್ಟಿಗೆ ಮೇಲಿನ ಹೆಸರು ನೋಡಿ ಪತ್ರ ಹಾಕುತ್ತಾರೆ, ಹೆಸರಿಲ್ಲದಿದ್ದರೆ ವಾಪಸ್ ಕಳಿಸುತ್ತಾರೆ. ತೆರಿಗೆ ಸಂಖ್ಯೆ, ಬ್ಯಾಂಕ್ ಕಾರ್ಡ್, ಅದರ ಪಿನ್, ವಿಮೆಯ ಕಾರ್ಡ್ ಎಲ್ಲ ಅಂಚೆಯಲ್ಲೇ ಬರುವ ದೇಶ ಇದು. ನಮ್ಮ ಹೆಸರುಗಳದ್ದು ಬೇರೆ ಫಜೀತಿ. ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಕುಲನಾಮದ ಜಾಗದಲ್ಲಿರುತ್ತದೆ, ಕೆಲವರಿಗೆ ಆ ಜಾಗವೇ ಖಾಲಿ. ಆಫೀಸಿನಲ್ಲಿ ಕರೆಯುವುದು ಒಂದು, ಕಾಗದದಲ್ಲಿರುವುದು ಇನ್ನೊಂದು. ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೇ ಒಂದು ಚೀಟಿಯಲ್ಲಿ ಬರೆದು ಮೊದಲ ದಿನವೇ ಪೆಟ್ಟಿಗೆ ಮೇಲೆ ಅಂಟಿಸಿ. ಬ್ಯಾಂಕಿಗೂ ಕಂಪನಿಗೂ ಅದೇ ಹೆಸರು ಕೊಡಿ.

ಭಾರತದ ಸಂಬಳ ಪಟ್ಟಿಯಲ್ಲೇ ಉಳಿದು ಇಲ್ಲಿಗೆ ಬರುವವರು ಹೊರಡುವ ಮುಂಚೆ ಇಪಿಎಫ್‌ಒದಿಂದ ಕವರೇಜ್ ಸರ್ಟಿಫಿಕೇಟ್ ಮಾಡಿಸಲೇಬೇಕು. ಎರಡೂ ದೇಶಗಳ ನಡುವಿನ ಸಾಮಾಜಿಕ ಭದ್ರತೆ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ. ಆ ಪತ್ರ ಇದ್ದರೆ 48 ತಿಂಗಳವರೆಗೆ ಇಲ್ಲಿನ ಪಿಂಚಣಿಗೆ ಕಟ್ಟಬೇಕಿಲ್ಲ, ಊರಿನ ಪಿಎಫ್ ಮುಂದುವರಿಯುತ್ತದೆ. ಇಲ್ಲಿನ ಪಿಂಚಣಿ ಕಡಿತ ಸಂಬಳದ 18.6 ಪರ್ಸೆಂಟ್, ಅದರಲ್ಲಿ ಅರ್ಧ ನೌಕರನದು. ಸಣ್ಣ ಮೊತ್ತ ಅಲ್ಲ. ಆದರೆ ಆರೋಗ್ಯ ವಿಮೆ ಆ ಒಪ್ಪಂದದಲ್ಲಿ ಸೇರಿಲ್ಲ, ಅದನ್ನು ಬೇರೆಯಾಗಿ ಖಚಿತ ಮಾಡಿಕೊಳ್ಳಿ.

ಟಿಕೆಟ್ ವಿಷಯಕ್ಕೆ ಬರುತ್ತೇನೆ. ಕೆಲಸದ ದಿನ ಹಾಳಾಗಬಾರದು ಅಂತ ಕಂಪನಿಗಳು ಶನಿವಾರ ರಾತ್ರಿಯ ವಿಮಾನಕ್ಕೆ ಹತ್ತಿಸುತ್ತವೆ. ಇಳಿಯುವುದು ಭಾನುವಾರ. ಅವತ್ತು ಇಲ್ಲಿ ಅಂಗಡಿಗಳೆಲ್ಲ ಬಂದ್, ಕಾನೂನೇ ಹಾಗಿದೆ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಂತೂ ಉಳಿದ ದಿನಗಳಲ್ಲೂ ರಾತ್ರಿ 8ಕ್ಕೆ ಸಾಮಾನ್ಯವಾಗಿ ಬಾಗಿಲು ಹಾಕುತ್ತಾರೆ. ಹಾಲು, ಬ್ರೆಡ್ ಬೇಕಾದರೆ ವಿಮಾನ ನಿಲ್ದಾಣದಲ್ಲೋ ದೊಡ್ಡ ರೈಲು ನಿಲ್ದಾಣದಲ್ಲೋ ತೆಗೆದುಕೊಂಡೇ ಮನೆಗೆ ಹೋಗಬೇಕು. ಇದು ಗೊತ್ತಿಲ್ಲದೆ ಖಾಲಿ ಅಡುಗೆಮನೆಯಲ್ಲಿ ರಾತ್ರಿ ಕಳೆದವರು ಬಹಳ ಜನ. ಮಕ್ಕಳಿರುವವರಿಗಾದರೂ ಮಂಗಳವಾರ, ಬುಧವಾರದ ಟಿಕೆಟ್ ಮಾಡಿಕೊಡಿ.

ಕೈಚೀಲದಲ್ಲಿ ಅವಲಕ್ಕಿ, ಹುರಿದ ರವೆ, ಚಟ್ನಿಪುಡಿ ಇರಲಿ. ತುಪ್ಪ, ಪೇಡ ಬೇಡ, ಹಾಲಿನ ಪದಾರ್ಥಗಳನ್ನು ಹೊರಗಿನ ದೇಶಗಳಿಂದ ಐರೋಪ್ಯ ಒಕ್ಕೂಟದೊಳಗೆ ತರಲು ಬಿಡುವುದಿಲ್ಲ. ಅಮ್ಮಂದಿರು ಪ್ರೀತಿಯಿಂದ ಕಟ್ಟಿಕೊಡುವ ಹಸಿ ಕರಿಬೇವಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತಾರೆ. ತೆಂಗಿನಕಾಯಿಗೆ ಮಾತ್ರ ಆ ತೊಂದರೆ ಇಲ್ಲ. ಬೇಳೆ, ಬೆಂಡೆಕಾಯಿ, ಕೊತ್ತಂಬರಿ ಎಲ್ಲ ಇಲ್ಲಿನ ಟರ್ಕಿ ಅಂಗಡಿಗಳಲ್ಲಿ ಸಿಗುತ್ತದೆ. ನಲ್ಲಿ ನೀರು ಧೈರ್ಯವಾಗಿ ಕುಡಿಯಿರಿ. ಪ್ಲಾಸ್ಟಿಕ್ ಬಾಟಲಿ ಕೊಂಡರೆ 25 ಸೆಂಟ್ ಠೇವಣಿ ಹಿಡಿದಿರುತ್ತಾರೆ, ಬಿಸಾಡದೆ ಅಂಗಡಿಯ ಯಂತ್ರಕ್ಕೆ ಹಾಕಿ. ಮೆಟ್ರೋಗೆ ಇಲ್ಲಿ ಗೇಟ್ ಇಲ್ಲ, ಕಾಗದದ ಟಿಕೆಟ್‌ಗೆ ಹತ್ತುವ ಮೊದಲು ಮುದ್ರೆ ಒತ್ತಬೇಕಾಗಬಹುದು, ಒತ್ತದೆ ಸಿಕ್ಕಿಬಿದ್ದರೆ 60 ಯೂರೋ. ರೇಡಿಯೋ, ಟಿವಿ ಶುಲ್ಕ ಕಟ್ಟಿ ಅಂತ ತಿಂಗಳಿಗೆ 18.36 ಯೂರೋ ಲೆಕ್ಕದ ಪತ್ರ ಬಂದರೆ ಮೋಸ ಅಂತ ಹರಿದು ಹಾಕಬೇಡಿ, ಅದು ಪ್ರತಿ ಮನೆಯೂ ಕಟ್ಟಬೇಕಾದದ್ದು. ಆಂಬುಲೆನ್ಸ್‌ಗೆ 112. ಅಷ್ಟು ತುರ್ತಿಲ್ಲದೆ ರಾತ್ರಿ ಹೊತ್ತು ಡಾಕ್ಟರ್ ಬೇಕಾದರೆ 116117.

ಬೆಂಗಳೂರಿನಿಂದ ಮ್ಯೂನಿಕ್‌ಗೆ 2023ರಲ್ಲಿ ನೇರ ವಿಮಾನ ಶುರುವಾಯಿತು. ಮುಂಚೆ ಐಟಿಯವರೇ ಜಾಸ್ತಿ ಬರುತ್ತಿದ್ದರು, ಈಗ ನರ್ಸಿಂಗ್ ಓದಿದವರೂ ಬರುತ್ತಿದ್ದಾರೆ. ಮೊದಲ ಸಲ ರಾಜ್ಯದ ಹೊರಗೆ ಕಾಲಿಡುವ ಮಕ್ಕಳೂ ಅವರಲ್ಲಿದ್ದಾರೆ. ಗ್ರಾಹಕರ ಜೊತೆ ಹೇಗೆ ಮಾತಾಡಬೇಕು ಅಂತ ಅವರಿಗೆ ದಿನಗಟ್ಟಲೆ ತರಬೇತಿ ಕೊಡುತ್ತಾರೆ, ಅದರಲ್ಲಿ ಒಂದು ಗಂಟೆ ಈ ವಿಷಯಗಳಿಗೆ ಕೊಡಲು ಆಗುವುದಿಲ್ಲವೇ? ಕಳಿಸುವ ಕಂಪನಿಗಳು, ಏಜೆನ್ಸಿಗಳು ವಸತಿ ಬುಕ್ ಮಾಡುವ ಮೊದಲೇ ಆ ಸಹಿಯ ಹಾಳೆ ಸಿಗುತ್ತದೆ ಅಂತ ಬರಹದಲ್ಲಿ ಪಡೆಯಲಿ, ಅದರ ಪ್ರತಿಯನ್ನು ಟಿಕೆಟ್ ಜೊತೆಗೇ ನೌಕರರ ಕೈಗೆ ಕೊಡಲಿ. ಕೊಡದಿದ್ದರೆ ಹೊರಡುವವರೇ ಕೇಳಿ ಪಡೆಯಲಿ, ಅದಕ್ಕೆ ಸಂಕೋಚ ಬೇಡ. ನಿಮ್ಮ ಪತ್ರಿಕೆಯೂ ದೇಶಕ್ಕೊಂದರಂತೆ ಈ ಮೊದಲ ವಾರದ ಬಗ್ಗೆ ಬರೆಸಿದರೆ ತುಂಬಾ ಮನೆಗಳಿಗೆ ಉಪಕಾರವಾಗುತ್ತದೆ. ಜರ್ಮನಿಯದ್ದಕ್ಕೆ ನನ್ನಿಂದ ಆಗುವ ಸಹಾಯ ಮಾಡಲು ನಾನು ಸಿದ್ಧ.

ಇಂತಿ,
ನಿಮ್ಮ ಓದುಗ, ಮ್ಯೂನಿಕ್