ಕ್ರೀಡಾಪುಟದಲ್ಲಿ ಅಫ್ಘಾನಿಸ್ತಾನದ ಅರ್ಧ ಸುದ್ದಿ

ಸಂಪಾದಕರಿಗೆ,

ಮಾನ್ಯರೇ,

ಅಫ್ಘಾನಿಸ್ತಾನದ ಕ್ರಿಕೆಟ್ ತಂಡವು ಬಲಿಷ್ಠ ತಂಡವೊಂದನ್ನು ಸೋಲಿಸಿದಾಗಲೆಲ್ಲ ತಮ್ಮ ಪತ್ರಿಕೆಯ ಕ್ರೀಡಾಪುಟವು ಆ ಸುದ್ದಿಯನ್ನು ಎದ್ದುಕಾಣುವಂತೆ ಪ್ರಕಟಿಸುತ್ತದೆ. ಅದಕ್ಕೆ ನನ್ನ ಆಕ್ಷೇಪವಿಲ್ಲ. ಆ ತಂಡದ ಏಳಿಗೆಯನ್ನು ಆಸಕ್ತಿಯಿಂದ ನೋಡುತ್ತ ಬಂದವರಲ್ಲಿ ನಾನೂ ಒಬ್ಬ. ಆದರೆ ಅದೇ ದೇಶದಲ್ಲಿ ಹುಡುಗಿಯರು ಮೈದಾನಕ್ಕಿಳಿಯುವಂತಿಲ್ಲ, ಹದಿಹರೆಯದವರು ನಾಲ್ಕು ಜನರ ನಡುವೆ ಹಾಡು ಹಾಕುವಂತಿಲ್ಲ, ಇದನ್ನೆಲ್ಲ ಹೊರಜಗತ್ತಿಗೆ ತಿಳಿಸುವ ವರದಿಗಾರರು ಪ್ರಾಣಭಯದಲ್ಲೇ ಕೆಲಸ ಮಾಡಬೇಕು ಎಂಬ ಸಂಗತಿಗಳು ಆ ಪುಟವನ್ನು ತಲುಪುವುದೇ ಇಲ್ಲ. ಅವು ಬಂದರೆ ವಿದೇಶ ಸುದ್ದಿಗಳ ಮೂಲೆಯಲ್ಲಿ ನಾಲ್ಕು ಸಾಲಾಗಿ, ಬರೆದವರ ಹೆಸರಿಲ್ಲದೆ ಬರುತ್ತವೆ. ಈ ಸುದ್ದಿಗಳನ್ನು ಒಂದೇ ಪುಟದಲ್ಲಿ ಒಟ್ಟಿಗೆ ಕೊಡಬೇಕೆಂದು ವಿನಂತಿಸಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಅಫ್ಘಾನಿಸ್ತಾನ ತನ್ನ ಮೊದಲ ಟೆಸ್ಟ್ ಪಂದ್ಯವನ್ನು ಆಡಿದ್ದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, 2018ರ ಜೂನ್ 14ರಂದು. ಭಾರತದ ಎದುರಿನ ಆ ಪಂದ್ಯ ಎರಡೇ ದಿನಗಳಲ್ಲಿ ಮುಗಿದು, ಇನಿಂಗ್ಸ್ ಮತ್ತು 262 ರನ್‌ಗಳ ಸೋಲಾಯಿತು. ಐದು ವರ್ಷ ಕಳೆದು 2023ರ ವಿಶ್ವಕಪ್ ಬಂದಾಗ ಅದೇ ದೇಶ ದೆಹಲಿಯಲ್ಲಿ ಇಂಗ್ಲೆಂಡನ್ನೂ ಚೆನ್ನೈಯಲ್ಲಿ ಪಾಕಿಸ್ತಾನವನ್ನೂ ಸೋಲಿಸಿತು. ಮರುವರ್ಷದ ಟಿ20 ವಿಶ್ವಕಪ್‌ನಲ್ಲಿ ಆಸ್ಟ್ರೇಲಿಯಾವನ್ನು ಮಣಿಸಿ ಸೆಮಿಫೈನಲ್‌ವರೆಗೆ ಹೋಯಿತು. 1979ರಲ್ಲಿ ಸೋವಿಯತ್ ಸೇನೆ ಒಳನುಗ್ಗಿದ ಮೇಲೆ ಗಡಿ ದಾಟಿದ ಕುಟುಂಬಗಳ ಮಕ್ಕಳು ಪೇಶಾವರದ ಸುತ್ತಮುತ್ತಲಿನ ನಿರಾಶ್ರಿತರ ಶಿಬಿರಗಳಲ್ಲಿ ಕಲಿತು ಊರಿಗೆ ತಂದ ಆಟವಿದು. ಸ್ವಂತ ನೆಲದಲ್ಲಿ ಅಂತರರಾಷ್ಟ್ರೀಯ ಪಂದ್ಯ ನಡೆಸಲಾಗದೆ ಶಾರ್ಜಾ, ಗ್ರೇಟರ್ ನೋಯ್ಡಾ, ದೆಹ್ರಾದೂನ್, ಲಖನೌಗಳನ್ನೇ ತವರು ಮೈದಾನವೆಂದು ಭಾವಿಸಿ ಆಡಿದ ತಂಡವಿದು. ಕಾಸರಗೋಡು ಜಿಲ್ಲೆಯಿಂದ ಶಾರ್ಜಾ, ದುಬೈಗಳಿಗೆ ದುಡಿಯಲು ಹೋದವರು ಲೆಕ್ಕವಿಲ್ಲದಷ್ಟಿರುವುದರಿಂದ ಅಫ್ಘನ್ ಆಟಗಾರರು ನಮ್ಮ ಮನೆಗಳಲ್ಲಿ ತೀರಾ ಅಪರಿಚಿತರಲ್ಲ. 2025ರ ಫೆಬ್ರುವರಿಯಲ್ಲಿ ನಮ್ಮ ತಳಂಗರೆಯ ಮೊಹಮ್ಮದ್ ಅಜರುದ್ದೀನ್ ರಣಜಿ ಸೆಮಿಫೈನಲ್‌ನಲ್ಲಿ ಗುಜರಾತ್ ವಿರುದ್ಧ ಔಟಾಗದೆ 177 ರನ್ ಗಳಿಸಿ ಕೇರಳವನ್ನು ಮೊದಲ ಬಾರಿಗೆ ಫೈನಲ್‌ಗೆ ಮುಟ್ಟಿಸಿದರು. ಅದೇ ತಿಂಗಳ 26ರಂದು ಲಾಹೋರಿನಲ್ಲಿ ಅಫ್ಘಾನಿಸ್ತಾನದ ಇಬ್ರಾಹಿಂ ಜದ್ರಾನ್ ಕೂಡ 177 ರನ್ ಹೊಡೆದು ಇಂಗ್ಲೆಂಡನ್ನು ಚಾಂಪಿಯನ್ಸ್ ಟ್ರೋಫಿಯಿಂದ ಹೊರದೂಡಿದರು. ಈ ಎರಡು ಅಂಕಿಗಳನ್ನು ಜೋಡಿಸಿ ಮಾತಾಡದ ಕ್ರಿಕೆಟ್ ಪ್ರೇಮಿ ಆಗ ನಮ್ಮಲ್ಲಿ ಇರಲಿಲ್ಲವೆಂದರೂ ತಪ್ಪಾಗದು.

ಲಾಹೋರಿನ ಆ ಪಂದ್ಯದ ಹಿಂದೆ ಇನ್ನೊಂದು ವಿಷಯವಿತ್ತು. ಅಫ್ಘಾನಿಸ್ತಾನದೊಡನೆ ಆಡಬಾರದೆಂದು ಬ್ರಿಟನ್ನಿನ 160ಕ್ಕೂ ಹೆಚ್ಚು ರಾಜಕಾರಣಿಗಳು ತಮ್ಮ ಕ್ರಿಕೆಟ್ ಮಂಡಳಿಗೆ ಪತ್ರ ಬರೆದಿದ್ದರು. ಅದರ ಕಾರಣ ಹೀಗಿದೆ. ಅಫ್ಘಾನಿಸ್ತಾನದ ಕ್ರಿಕೆಟ್ ಮಂಡಳಿ 2020ರ ನವೆಂಬರಿನಲ್ಲಿ 25 ಮಂದಿ ಆಟಗಾರ್ತಿಯರೊಡನೆ ಒಪ್ಪಂದ ಮಾಡಿಕೊಂಡಿತ್ತು. ಒಂದು ವರ್ಷ ತುಂಬುವ ಮೊದಲೇ, 2021ರ ಆಗಸ್ಟ್‌ನಲ್ಲಿ, ತಾಲಿಬಾನ್ ಕಾಬೂಲನ್ನು ವಶಪಡಿಸಿಕೊಂಡಿತು. ಮಹಿಳೆಯರ ಕ್ರೀಡೆ ಅಲ್ಲಿಗೆ ನಿಂತುಹೋಯಿತು. ಅವರಲ್ಲಿ ಹೆಚ್ಚಿನವರು ದೇಶ ಬಿಟ್ಟು ಆಸ್ಟ್ರೇಲಿಯಾ ಸೇರಿದರು. ಮತ್ತೆ ಒಂದು ತಂಡವಾಗಿ ಅವರಿಗೆ ಆಡಲು ಸಿಕ್ಕಿದ್ದು 2025ರ ಜನವರಿ 30ರಂದು, ಮೆಲ್ಬರ್ನಿನ ಜಂಕ್ಷನ್ ಓವಲ್‌ನಲ್ಲಿ, ಅದೂ ಒಂದು ಪ್ರದರ್ಶನ ಪಂದ್ಯ. ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ 2017ರಲ್ಲಿ ಅಫ್ಘಾನಿಸ್ತಾನಕ್ಕೆ ಪೂರ್ಣ ಸದಸ್ಯತ್ವ ಕೊಟ್ಟಿತು. ಮಹಿಳಾ ಕ್ರಿಕೆಟ್‌ಗೂ ವ್ಯವಸ್ಥೆ ಇರಬೇಕೆಂಬುದು ಆ ಸದಸ್ಯತ್ವದ ಷರತ್ತುಗಳಲ್ಲಿ ಒಂದು. ಷರತ್ತು ಮುರಿದುಬಿದ್ದಿದೆ, ಸದಸ್ಯತ್ವ ಹಾಗೆಯೇ ಇದೆ. ದೇಶ ತೊರೆದ ಆಟಗಾರ್ತಿಯರ ನೆರವಿಗೆ ಭಾರತ, ಇಂಗ್ಲೆಂಡ್, ಆಸ್ಟ್ರೇಲಿಯಾ ಮಂಡಳಿಗಳ ಜೊತೆಗೂಡಿ ನಿಧಿಯೊಂದನ್ನು ಸ್ಥಾಪಿಸುವುದಾಗಿ ಅಂತರರಾಷ್ಟ್ರೀಯ ಮಂಡಳಿ ಪ್ರಕಟಿಸಿದ್ದು 2025ರ ಏಪ್ರಿಲ್‌ನಲ್ಲಿ, ಅಂದರೆ ಮೂರೂವರೆ ವರ್ಷಗಳಿಗೂ ಹೆಚ್ಚಿನ ವಿಳಂಬದ ನಂತರ.

ಹಾಗೆಂದು ಪುರುಷರ ತಂಡವನ್ನು ಬಹಿಷ್ಕರಿಸಬೇಕೆಂಬ ಅಭಿಪ್ರಾಯ ನನ್ನದಲ್ಲ. ಆಸ್ಟ್ರೇಲಿಯಾ 2023ರ ಜನವರಿಯಲ್ಲಿ ಅಫ್ಘಾನಿಸ್ತಾನದೊಂದಿಗಿನ ಏಕದಿನ ಸರಣಿಯನ್ನು ರದ್ದುಮಾಡಿತು. ಅದೇ ವರ್ಷದ ವಿಶ್ವಕಪ್‌ನಲ್ಲಿ ಮುಂಬೈಯಲ್ಲಿ ಅದೇ ತಂಡದ ಎದುರು ಆಡಿತು. ಅಂಕ, ಪ್ರಶಸ್ತಿಗಳು ಎದುರಿಗಿದ್ದಾಗ ಸಡಿಲವಾಗುವ ನಿಲುವಿಗೆ ತೂಕ ಕಡಿಮೆ. ಹುಡುಗಿಯರು ವೈದ್ಯಕೀಯ ಶಿಕ್ಷಣ ಪಡೆಯುವುದನ್ನೂ ತಾಲಿಬಾನ್ 2024ರ ಡಿಸೆಂಬರ್‌ನಲ್ಲಿ ತಡೆದಾಗ ಆ ತಂಡದ ಆಟಗಾರರಾದ ರಶೀದ್ ಖಾನ್, ಮೊಹಮ್ಮದ್ ನಬಿ ಇಬ್ಬರೂ ಅದನ್ನು ಬಹಿರಂಗವಾಗಿ ವಿರೋಧಿಸಿದರು. ಅವರ ಬಂಧುಬಳಗ ಆ ದೇಶದಲ್ಲಿರುವಾಗ ಅಂಥ ಮಾತಾಡಲು ಎಷ್ಟು ಧೈರ್ಯ ಬೇಕೆಂಬುದನ್ನು ನಾವು ಊಹಿಸಬಹುದು. ಶಿಕ್ಷೆ ಆಗಬೇಕಾದದ್ದು ಇಂಥವರಿಗಲ್ಲ. ನಿಯಮ ಮಾಡಿ ಅದನ್ನು ತಾನೇ ಮರೆತ ಆಡಳಿತ ಸಂಸ್ಥೆಯನ್ನು ಪ್ರಶ್ನಿಸಬೇಕು. ಆ ಪ್ರಶ್ನೆಯನ್ನು ಪತ್ರಿಕೆಗಳಲ್ಲದೆ ಬೇರೆ ಯಾರು ಕೇಳಬೇಕು?

ಇನ್ನು ಹಾಡಿನ ವಿಷಯ. ನಮ್ಮೂರ ಹದಿಹರೆಯದವರ ಕಿವಿಯಲ್ಲಿ ಕೊರಿಯಾದ ಗುಂಪುಗಳ ಹಾಡೂ ಮಲಯಾಳದ ರ‍್ಯಾಪ್ ಕೂಡ ಇರುತ್ತವೆ. ಅದೇ ಮಕ್ಕಳು ಸಂಜೆ ಭಜನಾ ಮಂದಿರದಲ್ಲಿ ಹಾರ್ಮೋನಿಯಂ, ತಬಲಾದ ಮುಂದೆ ಕುಳಿತಿರುತ್ತಾರೆ. ಹಿರಿಯರಿಗೆ ಅವರ ರುಚಿ ಹಿಡಿಸದಿರಬಹುದು, ಸದ್ದು ತಗ್ಗಿಸೆಂದು ಗದರಿಸಬಹುದು. ಅದಕ್ಕಿಂತ ದೊಡ್ಡ ಅಡ್ಡಿ ಅವರಿಗಿಲ್ಲ. ಹೆರಾತ್ ನಗರದಲ್ಲಿ 2023ರ ಜುಲೈಯಲ್ಲಿ ತಾಲಿಬಾನ್ ಅಧಿಕಾರಿಗಳು ವಶಪಡಿಸಿಕೊಂಡ ವಾದ್ಯಗಳನ್ನು ರಾಶಿ ಹಾಕಿ ಸುಟ್ಟರು. ಆ ರಾಶಿಯಲ್ಲಿ ಗಿಟಾರ್ ಇತ್ತು, ಹಾರ್ಮೋನಿಯಂ ಇತ್ತು, ತಬಲಾ ಇತ್ತು. ಸಂಗೀತದಿಂದ ಯುವಜನರು ದಾರಿ ತಪ್ಪುತ್ತಾರೆಂಬುದು ಅವರು ಕೊಟ್ಟ ಕಾರಣ. ಒಂದೇ ವರ್ಷದಲ್ಲಿ 21 ಸಾವಿರಕ್ಕೂ ಹೆಚ್ಚು ವಾದ್ಯಗಳನ್ನು ನಾಶಪಡಿಸಿದ್ದಾಗಿ ಅವರ ಸಚಿವಾಲಯವೇ 2024ರ ಆಗಸ್ಟ್‌ನಲ್ಲಿ ಹೇಳಿಕೊಂಡಿತು. ಅದೇ ತಿಂಗಳು ಜಾರಿಗೆ ಬಂದ ಕಾನೂನು ವಾಹನಗಳಲ್ಲಿ ಹಾಡು ಹಾಕುವುದನ್ನು ನಿಷೇಧಿಸಿತು, ಹೆಣ್ಣಿನ ದನಿ ಹೊರಗೆ ಕೇಳಿಸಬಾರದೆಂದಿತು. ಕಾಬೂಲಿನಲ್ಲಿ 2010ರಲ್ಲಿ ಆರಂಭವಾದ ರಾಷ್ಟ್ರೀಯ ಸಂಗೀತ ಸಂಸ್ಥೆಯ ವಿದ್ಯಾರ್ಥಿಗಳು, ಶಿಕ್ಷಕರು ಕತಾರ್ ಮಾರ್ಗವಾಗಿ ಪೋರ್ಚುಗಲ್ ಸೇರಿ ಅಲ್ಲಿ ಪಾಠ ಮುಂದುವರಿಸಿದ್ದಾರೆ. ಈ ನಿಷೇಧವನ್ನು ಒಂದು ಧರ್ಮದ ತಲೆಗೆ ಕಟ್ಟುವವರಿಗೆ ಕಾಸರಗೋಡಿನವನಾಗಿ ಒಂದು ಮಾತು ಹೇಳಬೇಕು. ಇಲ್ಲಿಯ ಮೊಗ್ರಾಲ್ ಗ್ರಾಮವು ಕೇರಳದ ಮುಸ್ಲಿಮರ ಮಾಪ್ಪಿಳ್ಳೆ ಹಾಡುಗಳಿಂದಾಗಿ ಇಶಲ್ ಗ್ರಾಮವೆಂದೇ (ಇಶಲ್ ಎಂದರೆ ಆ ಹಾಡುಗಳ ಧಾಟಿ) ಪ್ರಸಿದ್ಧವಾಗಿದೆ. ಅಲ್ಲಿ ಹಾಡೂ ಫುಟ್‌ಬಾಲೂ ಭಕ್ತಿಯೂ ಒಂದೇ ಮನೆಯೊಳಗೆ ಬೆಳೆದಿವೆ. ವಾದ್ಯ ಸುಡುವುದು ಒಂದು ಆಡಳಿತದ ಕೃತ್ಯವೆಂದು ಬರೆಯುವ ಎಚ್ಚರವನ್ನು ನಮ್ಮ ಪತ್ರಿಕೆಗಳು ಕಾಯ್ದುಕೊಳ್ಳಬೇಕು.

ಇವೆಲ್ಲ ನಮಗೆ ತಿಳಿದದ್ದು ಯಾರಿಂದ ಎಂಬುದು ನಾನು ಮುಖ್ಯವಾಗಿ ಎತ್ತಬಯಸುವ ವಿಷಯ. ದೆಹಲಿಯ ದಾನಿಶ್ ಸಿದ್ದೀಕಿ ರಾಯಿಟರ್ಸ್ ಸಂಸ್ಥೆಯ ಛಾಯಾಗ್ರಾಹಕರಾಗಿ ಅಫ್ಘನ್ ವಿಶೇಷ ಪಡೆಯೊಂದಿಗೆ ಹೋಗಿದ್ದಾಗ 2021ರ ಜುಲೈ 16ರಂದು ಕಂದಹಾರ್ ಪ್ರಾಂತ್ಯದ ಸ್ಪಿನ್ ಬೋಲ್ಡಾಕ್‌ನಲ್ಲಿ ಹತರಾದರು. ರೋಹಿಂಗ್ಯಾ ನಿರಾಶ್ರಿತರ ಚಿತ್ರಗಳಿಗಾಗಿ 2018ರಲ್ಲಿ ಪುಲಿಟ್ಜರ್ ಪ್ರಶಸ್ತಿ ಹಂಚಿಕೊಂಡಿದ್ದ ಅವರಿಗೆ, ಭಾರತದ ಕೋವಿಡ್ ಕಾಲದ ಚಿತ್ರಗಳಿಗಾಗಿ 2022ರಲ್ಲಿ ಮರಣೋತ್ತರವಾಗಿ ಸಹೋದ್ಯೋಗಿಗಳೊಂದಿಗೆ ಅದೇ ಗೌರವ ಮತ್ತೊಮ್ಮೆ ಸಂದಿತು. ಅವರು ನಮ್ಮ ದೇಶದವರಾದ್ದರಿಂದ ಅವರ ಹೆಸರು ನಮ್ಮ ಪತ್ರಿಕೆಗಳಲ್ಲಿ ಬಂತು. ಆದರೆ ಕಾಬೂಲಿನಲ್ಲಿ 2018ರ ಏಪ್ರಿಲ್ 30ರಂದು ಮೊದಲ ಸ್ಫೋಟದ ಸುದ್ದಿ ಮಾಡಲು ಓಡಿಬಂದ ಪತ್ರಕರ್ತರ ನಡುವೆ, ಸುದ್ದಿಗಾರನ ವೇಷದಲ್ಲಿ ಬಂದ ಇನ್ನೊಬ್ಬ ಆತ್ಮಾಹುತಿ ದಾಳಿಕೋರ ತನ್ನನ್ನು ಸ್ಫೋಟಿಸಿಕೊಂಡಾಗ ಒಂಬತ್ತು ಮಂದಿ ಪತ್ರಕರ್ತರು ಸತ್ತರು. ಅವರಲ್ಲಿ ಎಎಫ್‌ಪಿ ಸುದ್ದಿಸಂಸ್ಥೆಯ ಕಾಬೂಲ್ ಕಚೇರಿಯ ಮುಖ್ಯ ಛಾಯಾಗ್ರಾಹಕ ಶಾ ಮರಾಯ್ ಒಬ್ಬರು. ಅದೇ ದಿನ ಖೋಸ್ತ್‌ನಲ್ಲಿ ಬಿಬಿಸಿಯ ಯುವ ವರದಿಗಾರರೊಬ್ಬರನ್ನು ಗುಂಡಿಕ್ಕಿ ಕೊಂದರು. ಈ ಹೆಸರುಗಳನ್ನು ಕನ್ನಡದಲ್ಲಿ ಓದಿದವರು ಎಷ್ಟು ಮಂದಿ?

ವಿದೇಶದಿಂದ ಬರುವ ಖ್ಯಾತ ವರದಿಗಾರನ ಪಕ್ಕದಲ್ಲಿ ಭಾಷೆ ಬಲ್ಲ, ದಾರಿ ಬಲ್ಲ, ಯಾರನ್ನು ನಂಬಬಹುದೆಂದು ಬಲ್ಲ ಒಬ್ಬ ಸ್ಥಳೀಯ ಸದಾ ಇರುತ್ತಾನೆ. ಸುಲ್ತಾನ್ ಮುನಾದಿ ಅಂಥವರು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗಾಗಿ ದುಡಿಯುತ್ತಿದ್ದ ಅವರನ್ನು 2009ರಲ್ಲಿ ಕುಂದುಜ್‌ನಲ್ಲಿ ಬ್ರಿಟಿಷ್ ವರದಿಗಾರನೊಂದಿಗೆ ತಾಲಿಬಾನ್ ಅಪಹರಿಸಿತು. ಕಮಾಂಡೊಗಳ ಕಾರ್ಯಾಚರಣೆಯಲ್ಲಿ ವರದಿಗಾರ ಪಾರಾದರು, ಮುನಾದಿ ಗುಂಡಿಗೆ ಬಲಿಯಾದರು. ತಾಲಿಬಾನ್ ಮರಳಿದ ಮೇಲೆ ಮಹಿಳೆಯರ ಪ್ರತಿಭಟನೆಯನ್ನು ವರದಿ ಮಾಡಿದ್ದಕ್ಕೆ ಕಾಬೂಲಿನ ಎತಿಲಾತ್ರೋಜ್ ಪತ್ರಿಕೆಯ ಇಬ್ಬರು ಪತ್ರಕರ್ತರನ್ನು 2021ರ ಸೆಪ್ಟೆಂಬರ್‌ನಲ್ಲಿ ಹಿಡಿದೊಯ್ದು ಬಾಸುಂಡೆ ಬರುವಂತೆ ಥಳಿಸಲಾಯಿತು. ಈಗ ಅಲ್ಲಿಯ ಹೆಣ್ಣುಮಕ್ಕಳ ಸ್ಥಿತಿಯನ್ನು ಹೊರಗೆ ಮುಟ್ಟಿಸುತ್ತಿರುವ ಝನ್ ಟೈಮ್ಸ್‌ನಂಥ ಸುದ್ದಿಸಂಸ್ಥೆಗಳನ್ನು ದೇಶ ಬಿಟ್ಟ ಅಫ್ಘನ್ ಮಹಿಳೆಯರೇ ನಡೆಸುತ್ತಿದ್ದಾರೆ. ಇದು ನಮಗೆ ದೂರದ ವಿಷಯವೂ ಅಲ್ಲ: 2025ರ ಅಕ್ಟೋಬರ್ 10ರಂದು ದೆಹಲಿಯ ಅಫ್ಘನ್ ರಾಯಭಾರ ಕಚೇರಿಯಲ್ಲಿ ತಾಲಿಬಾನ್ ವಿದೇಶಾಂಗ ಸಚಿವರು ನಡೆಸಿದ ಪತ್ರಿಕಾಗೋಷ್ಠಿಯಲ್ಲಿ ಒಬ್ಬ ಪತ್ರಕರ್ತೆಯೂ ಇರಲಿಲ್ಲ, ದೇಶದಾದ್ಯಂತ ಆಕ್ಷೇಪ ಎದ್ದ ಮೇಲೆ ಎರಡು ದಿನ ಬಿಟ್ಟು ಪತ್ರಕರ್ತೆಯರನ್ನೂ ಕರೆದು ಇನ್ನೊಂದು ಗೋಷ್ಠಿ ನಡೆಸಬೇಕಾಯಿತು. ಪತ್ರಕರ್ತರು ಒಟ್ಟಾಗಿ ಕೇಳಿದರೆ ಉತ್ತರ ಸಿಗುತ್ತದೆ ಎಂಬುದು ಆಗ ಕಂಡಿತು.

ಕನ್ನಡ ಪತ್ರಿಕೆಗಳು ಪ್ರತಿಯೊಂದು ಯುದ್ಧಭೂಮಿಗೂ ತಮ್ಮದೇ ಪ್ರತಿನಿಧಿಯನ್ನು ಕಳಿಸಲಾರವು, ಅಷ್ಟು ಖರ್ಚನ್ನು ಭರಿಸುವುದು ಕಷ್ಟವೆಂಬುದನ್ನು ಒಪ್ಪುತ್ತೇನೆ. ಆದರೆ ಸುದ್ದಿಸಂಸ್ಥೆಯ ಮೂಲ ವರದಿಯಲ್ಲಿ ಬರೆದವರ, ಚಿತ್ರ ತೆಗೆದವರ, ನೆರವಾದ ಸ್ಥಳೀಯರ ಹೆಸರುಗಳಿದ್ದರೆ ಅನುವಾದದಲ್ಲಿ ಅವನ್ನು ಉಳಿಸಿಕೊಳ್ಳಲು ಖರ್ಚು ತಗಲುವುದಿಲ್ಲ. ಭದ್ರತೆಗಾಗಿ ಹೆಸರು ಮರೆಮಾಚಿದ್ದರೆ ಆ ಕಾರಣವನ್ನೂ ಒಂದು ಸಾಲಿನಲ್ಲಿ ಅಚ್ಚುಮಾಡಬಹುದು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಪಠ್ಯಪುಸ್ತಕದಾಚೆ ಕನ್ನಡ ಓದುವುದು ದಿನಪತ್ರಿಕೆಯಲ್ಲಿ, ಅದರಲ್ಲಿಯೂ ಅವರು ಮೊದಲು ತೆರೆಯುವುದು ಕ್ರೀಡಾಪುಟವನ್ನು. ಆ ಮಕ್ಕಳ ವಯಸ್ಸಿನ ಅಫ್ಘನ್ ಹುಡುಗಿಯರಿಗೆ ಆರನೇ ತರಗತಿಯ ಆಚೆ ಶಾಲೆಯಿಲ್ಲವೆಂಬುದು ಅವರಿಗೆ ಕನ್ನಡದಲ್ಲಿಯೇ, ಅವರಿಷ್ಟದ ಪುಟದಲ್ಲಿಯೇ ತಿಳಿಯಬೇಕು.

ಆದ್ದರಿಂದ ಅಫ್ಘಾನಿಸ್ತಾನದ ಮುಂದಿನ ಸರಣಿಯ ಅಂಕಪಟ್ಟಿಯೊಡನೆ ದೇಶ ಬಿಟ್ಟ ಆಟಗಾರ್ತಿಯರ ಬಗ್ಗೆ, ಅಂತರರಾಷ್ಟ್ರೀಯ ಮಂಡಳಿ ಘೋಷಿಸಿದ ನಿಧಿ ಎಲ್ಲಿಗೆ ಬಂತೆಂಬುದರ ಬಗ್ಗೆ, ವರದಿಗಾರರ ಹೆಸರು ಸಹಿತ ಒಂದು ಬರಹವನ್ನು ಪ್ರಕಟಿಸಬೇಕೆಂದು ತಮ್ಮಲ್ಲಿ ಕೇಳಿಕೊಳ್ಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓದುಗನೊಬ್ಬ
ಬದಿಯಡ್ಕ, ಕಾಸರಗೋಡು ಜಿಲ್ಲೆ