ಕೋಡ್‌ನ ತಪ್ಪು ಕಿವಿಗೂ ಬೀಳಲಿ

ಮಾನ್ಯರೇ,

ಪ್ರೋಗ್ರಾಂ ಬರೆಯುತ್ತಿರುವಾಗಲೇ ತಪ್ಪು ಹುಡುಕಿ ತೋರಿಸುವ ಕೋಡ್ ಎಡಿಟರ್‌ಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಚೆನ್ನಾಗಿತ್ತು. ಆದರೆ ಅದರ ತುಂಬಾ ತಪ್ಪಿನ ಕೆಳಗೆ ಮೂಡುವ ಕೆಂಪು ಅಲೆಗೆರೆಯದೇ ಮಾತು. ನನಗೆ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿನದನ್ನು ದನಿಯಲ್ಲಿ ಓದುವ ಸ್ಕ್ರೀನ್ ರೀಡರ್ ಹೇಳಿದ್ದನ್ನು ಕೇಳಿಕೊಂಡು ಪೈಥಾನ್ ಭಾಷೆಯಲ್ಲಿ ಕೋಡ್ ಬರೆಯುವುದು ನನ್ನ ಕೆಲಸ. ಆ ಗೆರೆ ಕೆಂಪಗಿರಲಿ, ಹಳದಿಯಿರಲಿ, ನನಗೆ ಎರಡೂ ಒಂದೇ. (ವೆಬ್ ಆವೃತ್ತಿಯಲ್ಲಿ ಹಾಕಿದ್ದ ಎಡಿಟರ್‌ನ ಚಿತ್ರಕ್ಕೂ ವಿವರಣೆ ಇರಲಿಲ್ಲ. ಸ್ಕ್ರೀನ್ ರೀಡರ್ ‘ಗ್ರಾಫಿಕ್’ ಎಂದಷ್ಟೇ ಹೇಳಿ ಮುಂದೆ ಹೋಯಿತು.)

ತಪ್ಪು ತೋರಿಸುವ ಸಲಕರಣೆ ಮೊದಲಿನಿಂದಲೂ ಹೀಗಿರಲಿಲ್ಲ. 1978ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ಸಿ ಭಾಷೆಗಾಗಿ ‘ಲಿಂಟ್’ ಎಂಬ ತಪ್ಪು ಹುಡುಕುವ ಪ್ರೋಗ್ರಾಂ ಬರೆದರು. ನಾವೇ ಅದನ್ನು ಓಡಿಸಬೇಕಿತ್ತು. ಅದು ತನ್ನ ದೂರುಗಳನ್ನು ಸಾಲಿನ ಸಂಖ್ಯೆ ಸಮೇತ ಸಾದಾ ಅಕ್ಷರದಲ್ಲಿ ಕೊಡುತ್ತಿತ್ತು. ಅಕ್ಷರವಾಗಿದ್ದರೆ ಸಾಕು, ನಾವು ಓದಿಸಿಕೊಳ್ಳುತ್ತೇವೆ. ಆಮೇಲೆ ಮೈಕ್ರೋಸಾಫ್ಟ್ ವರ್ಡ್ 95ರಲ್ಲಿ ಕಾಗುಣಿತದ ತಪ್ಪಿನ ಕೆಳಗೆ ಕೆಂಪು ಅಲೆ ಬಂತು. ಕೋಡ್ ಎಡಿಟರ್‌ಗಳೂ ಅದೇ ದಾರಿ ಹಿಡಿದವು. ತಪ್ಪು ಹುಡುಕುವುದು ಹಿನ್ನೆಲೆಯಲ್ಲಿ ತಾನಾಗಿಯೇ ನಡೆಯತೊಡಗಿತು, ಕೆಲಸ ಬೇಗ ಆಗತೊಡಗಿತು, ಎಲ್ಲ ಸರಿ. ಆದರೆ ಓದಿಸಿಕೊಳ್ಳಬಹುದಾಗಿದ್ದ ದೂರು ಬರೀ ಬಣ್ಣವಾಯಿತು.

ತಮಾಷೆ ಅಂದರೆ, ಒಳಗೆ ಅದು ಈಗಲೂ ಅಕ್ಷರವೇ. ಇವತ್ತಿನ ಬಹಳಷ್ಟು ಎಡಿಟರ್‌ಗಳು ತಪ್ಪನ್ನು ತಾವೇ ಹುಡುಕುವುದಿಲ್ಲ. ‘ಲ್ಯಾಂಗ್ವೇಜ್ ಸರ್ವರ್’ ಎಂಬ ಬೇರೆ ಪ್ರೋಗ್ರಾಂ ಹಿಂದೆ ಕೂತು ಕೋಡ್ ಓದುತ್ತಿರುತ್ತದೆ. ಇವೆರಡರ ನಡುವಿನ ಮಾತುಕತೆಯ ನಿಯಮವನ್ನು ಮೈಕ್ರೋಸಾಫ್ಟ್, ರೆಡ್ ಹ್ಯಾಟ್ ಮತ್ತು ಕೋಡೆನ್ವಿ ಕಂಪನಿಗಳು ಸೇರಿ 2016ರಲ್ಲಿ ಪ್ರಕಟಿಸಿದವು. ಸರ್ವರ್ ಕಳಿಸುವುದು ಇಷ್ಟೇ: ತಪ್ಪು ಯಾವ ಸಾಲಿನ ಯಾವ ಅಕ್ಷರದಿಂದ ಎಲ್ಲಿಯವರೆಗೆ ಇದೆ, ಎಷ್ಟು ಗಂಭೀರ, ಏನು ತಪ್ಪು. ಗಂಭೀರತೆಗೆ 4 ಮಟ್ಟಗಳಿವೆ: ಎರರ್, ವಾರ್ನಿಂಗ್, ಇನ್ಫರ್ಮೇಶನ್, ಹಿಂಟ್. ಕೆಂಪು ಗೆರೆ ಎಳೆ ಎಂದು ಸರ್ವರ್ ಎಲ್ಲೂ ಹೇಳುವುದಿಲ್ಲ. ಅದು ಎಡಿಟರ್ ಮಾಡಿಕೊಂಡ ಆಯ್ಕೆ. ಅದೇ ಎಡಿಟರ್ ಅದೇ ಸಂದೇಶವನ್ನು ದನಿಯಾಗಿಯೋ ಬ್ರೈಲ್ ಆಗಿಯೋ ಕೊಡಬಹುದಲ್ವಾ?

ಕೊಡಬಹುದು. ಕೊಟ್ಟವರೂ ಇದ್ದಾರೆ. ಸ್ವತಃ ಕಣ್ಣು ಕಾಣದ ಟಿ.ವಿ. ರಾಮನ್ 1995ರಲ್ಲೇ ಇಮ್ಯಾಕ್ಸ್ ಎಡಿಟರ್‌ಗೆ ‘ಇಮ್ಯಾಕ್‌ಸ್ಪೀಕ್’ ಎಂಬ ದನಿ ಸೌಲಭ್ಯ ಹೊರತಂದರು. ಕಣ್ಣಿರುವವರು ಕೋಡ್‌ನ ಭಾಗಗಳನ್ನು ಬಣ್ಣದಿಂದ ಗುರುತಿಸಿದರೆ ಅದರಲ್ಲಿ ದನಿಯಿಂದ ಗುರುತಿಸಬಹುದು. ಕಮೆಂಟ್‌ಗೆ (ಕೋಡ್ ನಡುವೆ ಬರೆಯುವ ಟಿಪ್ಪಣಿಗೆ) ಒಂದು ದನಿ, ಸ್ಟ್ರಿಂಗ್‌ಗೆ (ಉದ್ಧರಣ ಚಿಹ್ನೆಯೊಳಗಿನ ಪಠ್ಯಕ್ಕೆ) ಇನ್ನೊಂದು. ನಾನು ಬಳಸುವ ಸ್ಕ್ರೀನ್ ರೀಡರ್ ಎನ್‌ವಿಡಿಎ, ಪೂರ್ತಿ ಉಚಿತ. ಸಾಲು ಎಷ್ಟು ಒಳಕ್ಕೆ ಸರಿದಿದೆ ಎನ್ನುವುದನ್ನು ಅದು ಸ್ವರದ ಏರಿಳಿತದಲ್ಲೇ ಹೇಳಬಲ್ಲದು. ಪೈಥಾನ್‌ನಲ್ಲಿ ಸಾಲಿನ ಶುರುವಿನಲ್ಲಿ ಒಂದು ಸ್ಪೇಸ್ ಆಚೀಚೆ ಆದರೂ ಪ್ರೋಗ್ರಾಂ ಕೈಕೊಡುತ್ತದೆ. ಹಾಗಾಗಿ ಇದು ನನಗೆ ಶೋಕಿಯಲ್ಲ.

ಆದರೆ ಸುಮ್ನೆ ಎಲ್ಲವನ್ನೂ ಓದಿ ಹೇಳಿದರೆ ಆಯಿತು ಎಂದುಕೊಂಡರೆ ಅದೂ ತಪ್ಪು. ಟೈಪ್ ಮಾಡುತ್ತಿರುವ ಕೋಡ್ ಅರ್ಧದಲ್ಲಿ ಯಾವಾಗಲೂ ತಪ್ಪಾಗಿಯೇ ಇರುತ್ತದೆ. ಒಂದು ಬ್ರಾಕೆಟ್ ತೆರೆದು ಇನ್ನೂ ಮುಚ್ಚದಿದ್ದರೆ ಕೆಳಗಿನ ಸಾಲುಗಳ ಮೇಲೂ ದೂರು ಏಳಬಹುದು. ಕಣ್ಣಿರುವ ಸಹೋದ್ಯೋಗಿ ಅದನ್ನು ಓರೆಗಣ್ಣಿನಲ್ಲಿ ನೋಡಿ ಲೆಕ್ಕಕ್ಕೆ ತೆಗೆದುಕೊಳ್ಳದೆ ಬರೆಯುತ್ತಾ ಹೋಗುತ್ತಾಳೆ. ಕಿವಿಗೆ ಆ ಅನುಕೂಲ ಇಲ್ಲ. ನಾನು ಬರೆದ ಅಕ್ಷರ ಕೇಳಿಸುವುದೂ ಅಲ್ಲೇ, ಎಡಿಟರ್‌ನ ದೂರು ಕೇಳಿಸುವುದೂ ಅಲ್ಲೇ. ಮಾತು ಮುಗಿಯುವ ಮೊದಲೇ ಬಾಯಿ ಹಾಕುವವರ ಹಾಗೆ ಎಡಿಟರ್ ನಡುವೆ ನಡುವೆ ಮಾತಾಡಿದರೆ ನಾನು ಏನು ಬರೆಯುತ್ತಿದ್ದೆ ಅನ್ನುವುದೇ ಮರೆತುಹೋಗುತ್ತದೆ.

ಈ ವಿಷಯದಲ್ಲಿ ಮೈಕ್ರೋಸಾಫ್ಟ್‌ನ ವಿಎಸ್ ಕೋಡ್ ಎಡಿಟರ್ ಈಗ ಹಿಡಿದಿರುವ ದಾರಿ ನನಗೆ ಹಿಡಿಸಿದೆ. ತಪ್ಪಿರುವ ಸಾಲಿಗೆ ಕರ್ಸರ್ ಹೋದಾಗ ಒಂದು ಚಿಕ್ಕ ಸದ್ದು, ಅಷ್ಟೇ. ಬೇಕೆನಿಸಿದಾಗ ಎಫ್8 ಒತ್ತಿದರೆ ಮುಂದಿನ ತಪ್ಪಿಗೆ ಹೋಗಿ ವಿವರ ಓದುತ್ತದೆ. ಕಂಟ್ರೋಲ್-ಶಿಫ್ಟ್-ಎಂ ಒತ್ತಿದರೆ ಎಲ್ಲ ತಪ್ಪುಗಳ ಪಟ್ಟಿ. ಮ್ಯಾಕ್‌ನಲ್ಲಾದರೆ ಕಂಟ್ರೋಲ್ ಬದಲು ಕಮಾಂಡ್ ಕೀ. ನಿಮ್ಮ ಲೇಖನದಲ್ಲಿ ಈ ಕೀಗಳ ಸುದ್ದಿಯೇ ಇರಲಿಲ್ಲ. ಕಣ್ಣಿರುವವರಿಗೂ ಇವು ಮೌಸ್‌ಗಿಂತ ಜಾಸ್ತಿ ಬೇಗ.

ನಿಜವಾದ ತೊಂದರೆ ಇರುವುದು ಕಂಪನಿಗಳು ಕೆಲಸಕ್ಕೆ ತೆಗೆದುಕೊಳ್ಳುವಾಗ ಬ್ರೌಸರ್‌ನಲ್ಲಿ ಕೋಡ್ ಬರೆಸುವ ಪರೀಕ್ಷೆಗಳಲ್ಲಿ. ನಾನು ಬರೆದ ಅಂಥ ಒಂದು ಪರೀಕ್ಷೆಯ ಎಡಿಟರ್‌ನಲ್ಲಿ ತಪ್ಪಿಗೆ ಗೆರೆ ಬಿಟ್ಟರೆ ಬೇರೆ ಗುರುತೇ ಇರಲಿಲ್ಲ. ಪಕ್ಕದ ಅಭ್ಯರ್ಥಿಗೆ ಬರೆಯುವಾಗಲೇ ತಿಳಿಯುವ ತಪ್ಪು ನನಗೆ ‘ರನ್’ ಒತ್ತಿದ ಮೇಲೆ ತಿಳಿಯುತ್ತಿತ್ತು. ಗಡಿಯಾರ ಮಾತ್ರ ಇಬ್ಬರಿಗೂ ಒಂದೇ.

ಇದನ್ನು ಸರಿಪಡಿಸಲು ಹೊಸ ಸಂಶೋಧನೆ ಏನೂ ಬೇಕಿಲ್ಲ. ಮಾಹಿತಿ ತಿಳಿಸಲು ಬಣ್ಣವೊಂದನ್ನೇ ನಂಬಬಾರದು ಎಂದು ವೆಬ್ ಪುಟಗಳ ಮಾರ್ಗಸೂಚಿ, ಡಬ್ಲ್ಯುಸಿಎಜಿ 2.0, 2008ರಲ್ಲೇ ಹೇಳಿದೆ. ಕೆಂಪು-ಹಸಿರು ವ್ಯತ್ಯಾಸ ತಿಳಿಯದವರಿಗೂ ಅದರಿಂದ ಉಪಯೋಗ. ಪುಟದಲ್ಲಿ ‘ಏರಿಯಾ-ಲೈವ್’ (aria-live) ಎಂಬ ಗುರುತು ಹಾಕಿದರೆ ಹೊಸ ಸಂದೇಶ ಬಂದಾಗ ಸ್ಕ್ರೀನ್ ರೀಡರ್ ಓದುತ್ತದೆ. ಅದಕ್ಕೆ ‘ಪೊಲೈಟ್’ ಎಂದು ಕೊಟ್ಟರೆ ಬಿಡುವು ಸಿಗುವವರೆಗೆ ಕಾಯುತ್ತದೆ. ‘ಅಸರ್ಟಿವ್’ ಎಂದರೆ ನಡುವೆಯೇ ನುಗ್ಗುತ್ತದೆ. ದಯವಿಟ್ಟು ಮೊದಲನೆಯದನ್ನೇ ಹಾಕಿ.

ಅಲ್ಲಿಯವರೆಗೆ, ಸ್ಕ್ರೀನ್ ರೀಡರ್ ಬಳಸುವ ಅಭ್ಯರ್ಥಿ ಕೇಳಿದರೆ ತನ್ನದೇ ಎಡಿಟರ್‌ನಲ್ಲಿ ಕೋಡ್ ಬರೆದು, ಆಮೇಲೆ ಪರೀಕ್ಷೆಯ ಪುಟಕ್ಕೆ ಅಂಟಿಸಲು ಕಂಪನಿಗಳು ಬಿಡಬೇಕು. ಎಷ್ಟೋ ಪರೀಕ್ಷೆಗಳಲ್ಲಿ ಹಾಗೆ ಅಂಟಿಸುವುದನ್ನು ನಕಲು ಎಂದು ತಡೆಯುತ್ತಾರೆ. ಆ ತಡೆಯನ್ನು ತೆಗೆಯಲು ಯಾರಿಗೆ ಹೇಳಬೇಕು ಎನ್ನುವುದನ್ನಾದರೂ ಪರೀಕ್ಷೆಯ ಇಮೇಲ್‌ನಲ್ಲಿ ಬರೆಯಲಿ.

— ಕಣ್ಣು ಕಾಣದ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್