ಸಕ್ಕರೆ ಪರೀಕ್ಷಿಸುವಾಗ ಪಾದವನ್ನೂ ನೋಡಿ

ಮಾನ್ಯರೇ,

ಮಳೆಗಾಲದಲ್ಲಿ ಹಿರಿಯರು ಬಿದ್ದರೆ ಅಂಗಳದ ಹಾವಸೆಯನ್ನೋ ಬಿಪಿಯನ್ನೋ ದೂರುತ್ತೇವೆ. ಚಪ್ಪಲಿ ಕಳಚಿಸಿ ಕಾಲ್ಬೆರಳು ನೋಡುವವರು ಕಡಿಮೆ.

ಮೈ ಮುಂದಕ್ಕೆ ವಾಲಿದಾಗ ತಡೆಯುವುದರಲ್ಲಿ ಬೆರಳುಗಳು, ಅದರಲ್ಲೂ ಹೆಬ್ಬೆರಳು, ನೆಲವನ್ನು ಒತ್ತುವ ಬಲಕ್ಕೆ ದೊಡ್ಡ ಪಾಲಿದೆ. ಹೆಬ್ಬೆರಳು ಪಕ್ಕದ ಬೆರಳಿನತ್ತ ಸೊಟ್ಟಗಾಗಿ ಬುಡದ ಗಂಟು ಹೊರಚಾಚಿದರೆ ಈ ಒತ್ತು ಸಡಿಲ. ಕೊಕ್ಕೆಯಂತೆ ಮಡಚಿದ ಬೆರಳುಗಳು ನೆಲಕ್ಕೆ ಸರಿಯಾಗಿ ಊರುವುದಿಲ್ಲ. ಅಂಗಾಲಿನಲ್ಲಿ ಆಣಿ ಇದ್ದವರು ನೋವು ತಪ್ಪಿಸಲು ಪಾದದ ಅಂಚಿನಲ್ಲಿ ನಡೆಯುತ್ತಾರೆ. ಹರಡಿನ ಕೀಲು ಬಿಗಿದಿದ್ದರೆ ಮುಂಗಾಲು ಮೇಲೇಳದೆ ಹೊಸ್ತಿಲಿಗೆ ಎಡವುತ್ತದೆ. ಸಕ್ಕರೆ ಕಾಯಿಲೆಯಿಂದ ಅಂಗಾಲಿನ ಸ್ಪರ್ಶವೂ ಹೋಗಿದ್ದರೆ ಮುರಕಲ್ಲಿನ ಮೆಟ್ಟಿಲು ಓರೆಯಿರುವುದು ಕಾಲಿಗೆ ತಿಳಿಯುವುದೇ ಇಲ್ಲ.

ಇಂಥ ಪಾದಗಳಿಗೆ ಸವೆದ ಹವಾಯಿ ಚಪ್ಪಲಿ ಸಲ್ಲದು; ಅದು ಕಳಚದಂತೆ ಹೆಜ್ಜೆಹೆಜ್ಜೆಗೂ ಬೆರಳು ಮುದುರಬೇಕು. ಹಿಂದೆ ಪಟ್ಟಿ, ಮುಂದೆ ಅಗಲ, ಒಂದು ಇಂಚಿಗಿಂತ ತಗ್ಗಿನ ಹಿಮ್ಮಡಿ, ಕುಸಿಯದ, ಗೀರುಗಳಿರುವ ಅಟ್ಟೆ ಇದ್ದರೆ ಸಾಕು, ದುಬಾರಿಯದೇ ಆಗಬೇಕೆಂದಿಲ್ಲ. ಸಂಜೆ, ಪಾದ ತುಸು ಊದಿರುವಾಗ, ಕಾಗದದ ಮೇಲೆ ನಿಲ್ಲಿಸಿ ಸುತ್ತ ಗೆರೆ ಎಳೆಯಿರಿ. ಅದರ ಮೇಲೆ ಚಪ್ಪಲಿ ಇಟ್ಟಾಗ ಗೆರೆ ಹೊರಗೆ ಕಂಡರೆ ಆ ಅಳತೆ ಬಿಗಿ.

ಕುರ್ಚಿಯಲ್ಲಿ ಕೂತು ನೆಲದ ಮೇಲಿನ ಬಟ್ಟೆಯನ್ನು ಬೆರಳುಗಳಿಂದ ಮುದುರಿ ಎಳೆಯುವುದು, ಅಡುಗೆಕಟ್ಟೆ ಹಿಡಿದು ನಿಂತು ಹಿಮ್ಮಡಿ ಎತ್ತಿ ಇಳಿಸುವುದು: ತಲಾ ಹತ್ತು ಸಲದಿಂದ ಶುರುಮಾಡಬಹುದು. ಸೊಟ್ಟ ಬೆರಳು ನೇರವಾಗದು, ಆದರೆ ಬಲ ಬರುತ್ತದೆ. ಪಾದನೋವಿದ್ದ ಹಿರಿಯರ ಬಗ್ಗೆ ಆಸ್ಟ್ರೇಲಿಯಾದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಾರಕ್ಕೆ ಮೂರು ಸಲ ಅರ್ಧ ಗಂಟೆ ವ್ಯಾಯಾಮ, ತಕ್ಕ ಪಾದರಕ್ಷೆ, ಒಳ ಅಟ್ಟೆ, ಪಾದದ ಆರೈಕೆ ಎಲ್ಲ ಸೇರಿ ಬೀಳುವುದನ್ನು ಶೇ. 36ರಷ್ಟು ತಗ್ಗಿಸಿದ್ದವು. ಬರೀ ವ್ಯಾಯಾಮದಿಂದ ಅಷ್ಟೇ ಫಲ ಸಿಕ್ಕೀತೆಂದು ಯಾರೂ ಲೆಕ್ಕಹಾಕಬಾರದು.

ಇನ್ನೊಂದು: ಸಕ್ಕರೆ ಕಾಯಿಲೆಯವರು ಆಣಿಯನ್ನು ಬ್ಲೇಡಿನಿಂದ ಕೆತ್ತಬಾರದು, ಔಷಧದಂಗಡಿಯ ಆಣಿ ಪಟ್ಟಿಯನ್ನೂ ಅಂಟಿಸಬಾರದು. ಅದರಲ್ಲಿರುವ ಸ್ಯಾಲಿಸಿಲಿಕ್ ಆಮ್ಲ ಸುತ್ತಲಿನ ಚರ್ಮವನ್ನೂ ಸುಡುತ್ತದೆ. ಸ್ಪರ್ಶವಿಲ್ಲದ ಕಾಲಿನಲ್ಲಿ ಗಾಯ ಗೊತ್ತಾಗುವುದು ಕೀವು ತುಂಬಿದ ಮೇಲೆ.

ಕುಟುಂಬಾರೋಗ್ಯ ಕೇಂದ್ರಗಳಲ್ಲಿ ಸಕ್ಕರೆ, ಬಿಪಿ ನೋಡುವ ದಿನವೇ ಪಾದವನ್ನೂ ನೋಡಿ, 10 ಗ್ರಾಂ ಮೋನೋಫಿಲಮೆಂಟ್‌ನಿಂದ (ಅಷ್ಟು ಒತ್ತಿದಾಗ ಬಾಗುವ ನೈಲಾನ್ ಎಳೆ) ಸ್ಪರ್ಶ ಪರೀಕ್ಷಿಸಬೇಕು. ಕೆಲವೇ ನಿಮಿಷದ ಕೆಲಸ. ದೀರ್ಘಕಾಲದ ರೋಗಿಗಳನ್ನು ನೋಡಿಕೊಳ್ಳಲು ಮನೆಗೆ ಬರುವ ಪಾಲಿಯೇಟಿವ್ ನರ್ಸ್‌ಗಳಿಗೂ ಈ ತರಬೇತಿ ಕೊಡಬಹುದು. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಹಂಚುವ ಕರಪತ್ರ ಕನ್ನಡದಲ್ಲೂ ಇರಲಿ, ಅದೂ ದೊಡ್ಡ ಅಕ್ಷರದಲ್ಲಿ.

– ಓರ್ವ ಫಿಸಿಯೋಥೆರಪಿಸ್ಟ್, ಬದಿಯಡ್ಕ